ವೈಟ್ ಫ್ರೇಟ್‌ಲೈನರ್ ಕಟ್ಟುವ ಮುಂಚೆ ಇಸವಿ ಗೊತ್ತು ಮಾಡಿಕೊಳ್ಳಿ

ಸ್ನೇಹಿತರೇ, ಅಮೆರಿಕದ ಫ್ರೇಟ್‌ಲೈನರ್ ಕ್ಯಾಬೋವರ್ (ಎಂಜಿನ್ ಮೇಲೆಯೇ ಕ್ಯಾಬಿನ್ ಇರುವ) ಲಾರಿಯ 1/25 ಅಳತೆಯ ಪ್ಲಾಸ್ಟಿಕ್ ಮಾದರಿ ಕಿಟ್ ತೆರೆದ ತಕ್ಷಣ ಅಂಟು ಹಚ್ಚಬೇಡಿ. ನಿಮ್ಮ ಲಾರಿ ಯಾವ ವರ್ಷದ್ದು ಅಂತ ಮೊದಲು ತೀರ್ಮಾನಿಸಿ.

ಅಮೆರಿಕದಲ್ಲಿ 1951ರಿಂದ 1977ರವರೆಗೆ ಫ್ರೇಟ್‌ಲೈನರ್ ಲಾರಿಗಳನ್ನು ಮಾರುತ್ತಿದ್ದದ್ದು ವೈಟ್ ಮೋಟಾರ್ ಕಂಪನಿ. ಅದಕ್ಕೇ ಆ ಕಾಲದ ಗಾಡಿಗಳ ಮೇಲೆ 'ವೈಟ್ ಫ್ರೇಟ್‌ಲೈನರ್' ಅಂತ ಇರುತ್ತದೆ. ಆ ಮಾರಾಟದ ಒಪ್ಪಂದ ಮುಗಿದ ಮೇಲೆ ಬಂದವುಗಳಲ್ಲಿ ಬರೀ 'ಫ್ರೇಟ್‌ಲೈನರ್'. 1979ರ ಗಾಡಿ ಮಾಡಿ ಅದಕ್ಕೆ ವೈಟ್ ಹೆಸರು ಹಾಕಿದರೆ ಕೆಲಸ ಎಷ್ಟೇ ಚೆನ್ನಾಗಿದ್ದರೂ ತಿಳಿದವರ ಕಣ್ಣಿಗೆ ಚುಚ್ಚುತ್ತದೆ.

ಹಾಗೆ ತೆಗೆಯಬೇಕಾದ 'ವೈಟ್' ಅಕ್ಷರಗಳು ಕಿಟ್‌ನ ಪ್ಲಾಸ್ಟಿಕ್‌ನಲ್ಲೇ ಉಬ್ಬಿದ್ದರೆ ಹೊಸ ಬ್ಲೇಡನ್ನು ಮಲಗಿಸಿ ಹಿಡಿದು ತೆಳ್ಳಗೆ ಹೆರೆಯಿರಿ. ಆಮೇಲೆ 600, ಕೊನೆಗೆ 1000 ನಂಬರಿನ ಸ್ಯಾಂಡ್‌ಪೇಪರ್ ನೀರಲ್ಲಿ ಅದ್ದಿ ಉಜ್ಜಿ. ಸುತ್ತಲಿನ ರಿವೆಟ್ ಸಾಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಲೇಬೇಕು. ಅಸಲಿ ಕ್ಯಾಬಿನ್ ಅಲ್ಯೂಮಿನಿಯಂ ಹಾಳೆಗೆ ರಿವೆಟ್ ಹೊಡೆದು ಮಾಡಿದ್ದು, ಅದರ ಚಂದವೇ ಆ ಸಣ್ಣ ಗುಂಡುಗಳಲ್ಲಿದೆ ಅಲ್ವಾ? ನಾನು ಒಮ್ಮೆ ಟೇಪ್ ಇಲ್ಲದೆ ಉಜ್ಜಿ ಎಂಟು ರಿವೆಟ್ ಕಳೆದುಕೊಂಡೆ. ಒಂದೊಂದನ್ನೂ ಸೂಜಿ ಮೊನೆಯಲ್ಲಿ ಬಿಳಿ ಅಂಟಿನ ಹನಿ ಇಟ್ಟು ಮತ್ತೆ ಮೂಡಿಸಬೇಕಾಯಿತು.

ಟ್ರೇಲರ್ ಜೋಡಿಸುವವರಿಗೆ ಇನ್ನೊಂದು ಮಾತು. ಪಕ್ಕದಲ್ಲಿ ಕೆಂಪು-ಬಿಳಿ ಹೊಳೆಯುವ ಪಟ್ಟಿ ಸುಮ್ನೆ ಅಂಟಿಸಬೇಡಿ. ಅಮೆರಿಕದಲ್ಲಿ ಹೊಸ ಟ್ರೇಲರ್‌ಗಳಿಗೆ ಅದು ಕಡ್ಡಾಯವಾಗಿದ್ದು 1993ರ ಡಿಸೆಂಬರ್‌ನಿಂದ. 1970ರ ದಶಕದ ಗಾಡಿಯ ಹಿಂದೆ ಅದು ಹೊಂದುವುದಿಲ್ಲ.

ಚಕ್ರಕ್ಕೆ ಮಾತ್ರ ಒಂದೇ ನಿಯಮ ಇಲ್ಲ. ಕಡ್ಡಿಗಳಿರುವ ಎರಕದ ಚಕ್ರ, ತಟ್ಟೆಯಂಥ ಡಿಸ್ಕ್ ಚಕ್ರ ಎರಡೂ ಓಡುತ್ತಿದ್ದವು. ನಿಮ್ಮ ಕೈಲಿರುವ ಫೋಟೋದಲ್ಲಿ ಯಾವುದಿದೆಯೋ ಅದನ್ನೇ ಹಾಕಿ.