ಕ್ಲಾಸ್-ಡಿ ಆಂಪ್ಲಿಫೈಯರ್: ಹೊಸ ಮಾಸ್‌ಫೆಟ್ ಹಾಕುವ ಮೊದಲು ನಾನು ನೋಡುವುದು

ಮಾಸ್‌ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಓಡಿಸುವ ಐಆರ್‌ಎಸ್2092 ಐಸಿ ಇರುವ, ±60 ವೋಲ್ಟ್‌ನ ಹಾಫ್ ಬ್ರಿಡ್ಜ್ ಬೋರ್ಡುಗಳಲ್ಲಿ, ಅಂದರೆ ಮೇಲಿನದೊಂದು ಕೆಳಗಿನದೊಂದು ಮಾಸ್‌ಫೆಟ್ ಸ್ಪೀಕರ್ ಲೈನನ್ನು ಸರದಿಯಲ್ಲಿ ಪಾಸಿಟಿವ್, ನೆಗೆಟಿವ್ ರೈಲಿಗೆ (ಸಪ್ಲೈ ಲೈನಿಗೆ) ಸೇರಿಸುವ ಬೋರ್ಡುಗಳಲ್ಲಿ, ದೂರು ಹೆಚ್ಚಾಗಿ ಎರಡೇ. ಫ್ಯೂಸ್ ಹಾರುತ್ತದೆ; ಇಲ್ಲವೇ ಆನ್ ಆಗಿ, ನಿಂತು, ಮತ್ತೆ ಆನ್ ಆಗುತ್ತಲೇ ಇರುತ್ತದೆ. ಎರಡನೆಯದು ಓವರ್‌ಕರೆಂಟ್ ರಕ್ಷಣೆಯ ಕೆಲಸ: ಐಸಿಯನ್ನು ನಿಲ್ಲಿಸಿ ಮತ್ತೆ ಆನ್ ಮಾಡುವ ಸಿಎಸ್‌ಡಿ ಪಿನ್ನಿನ ಕೆಪಾಸಿಟರ್ ಚಾರ್ಜ್ ಆದಾಗಲೆಲ್ಲ ಐಸಿ ಮತ್ತೊಮ್ಮೆ ಪ್ರಯತ್ನಿಸುತ್ತದೆ. ಆ ರಕ್ಷಣೆಯನ್ನು ತಪ್ಪಿಸಿ ಓಡಿಸಲು ಹೋಗಬಾರದು.

ಪವರ್ ತೆಗೆದು, ಪ್ರತಿ ರೈಲಿನ ದೊಡ್ಡ ಕೆಪಾಸಿಟರನ್ನು 1 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಹಿಡಿದು ಖಾಲಿ ಮಾಡುತ್ತೇನೆ. ಡ್ರೇನ್-ಸೋರ್ಸ್ ನಡುವೆ ಒಂದೇ ಮಾಸ್‌ಫೆಟ್ ಶಾರ್ಟ್ ತೋರಿಸಿದರೂ ಜೋಡಿಯನ್ನೇ ಬಿಚ್ಚುತ್ತೇನೆ. ಗೇಟ್ ರೆಸಿಸ್ಟರ್ ಓಪನ್ ಆಗಿದ್ದರೆ ಐಸಿಯೂ ಹೋಗಿರುವ ಸಾಧ್ಯತೆ ಹೆಚ್ಚು.

ಇಲ್ಲಿಯೇ ಹಲವರು ಹೊಸ ಮಾಸ್‌ಫೆಟ್ ಬೆಸೆದು ಸ್ವಿಚ್ ಹಾಕಿಬಿಡುತ್ತಾರೆ, ಅದೂ ಸುಡುತ್ತದೆ. ನಾನು ಮಾಸ್‌ಫೆಟ್ ಇಲ್ಲದೆಯೇ, ಶಾರ್ಟ್ ಇದ್ದರೆ ಕರೆಂಟ್ ತಡೆಯಲೆಂದು 60 ವ್ಯಾಟ್ ಫಿಲಮೆಂಟ್ ಬಲ್ಬನ್ನು ಸೀರೀಸಿನಲ್ಲಿಟ್ಟು ಪವರ್ ಕೊಡುತ್ತೇನೆ. ಐಸಿಯ ಪಿನ್ 2ಕ್ಕೆ (ಗ್ರೌಂಡ್) ಹೋಲಿಸಿ ಪಿನ್ 1ರಲ್ಲಿ +5.6, ಪಿನ್ 6ರಲ್ಲಿ −5.6 ವೋಲ್ಟ್ ಆಸುಪಾಸು ಇರಬೇಕು. ಪಿನ್ 12ರ 12 ವೋಲ್ಟ್ ಅಳೆಯುವಾಗ ಮೀಟರಿನ ಕಪ್ಪು ಪ್ರೋಬ್ ಗ್ರೌಂಡಿನಲ್ಲಲ್ಲ, ಪಿನ್ 10ರಲ್ಲಿ, ಅಂದರೆ ನೆಗೆಟಿವ್ ರೈಲಿನಲ್ಲಿರಬೇಕು. ಇದು ಸುಮಾರು 9ಕ್ಕಿಂತ ಇಳಿದರೆ ಗೇಟ್ ಡ್ರೈವ್ ನಿಂತುಹೋಗುತ್ತದೆ. ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ಪನ್ನಂತೂ ಅಲ್ಲಿಗೆ ಸಿಕ್ಕಿಸಲೇಬಾರದು. ಅರ್ತಿಂಗ್ ಮೂಲಕ ನೇರ ಶಾರ್ಟ್ ಆಗುತ್ತದೆ.

ಮೇಲಿನ ಮಾಸ್‌ಫೆಟ್‌ನ ಗೇಟಿಗೆ ವೋಲ್ಟೇಜ್ ಒದಗಿಸುವ, ಪಿನ್ 13 ಮತ್ತು 15ರ ನಡುವಿನ ಬೂಟ್‌ಸ್ಟ್ರಾಪ್ ಕೆಪಾಸಿಟರ್ ಹೀಟ್‌ಸಿಂಕಿನ ಪಕ್ಕದಲ್ಲಿದ್ದರೆ ಬೇಗ ಒಣಗುತ್ತದೆ. ಆಗ ಮೇಲಿನ ಮಾಸ್‌ಫೆಟ್ ಪೂರ್ತಿ ಆನ್ ಆಗದೆ ಬಿಸಿಯಾಗುತ್ತದೆ, ಕೊನೆಗೆ ಶಾರ್ಟ್. ಅಳೆಯುತ್ತ ಕೂರದೆ 105 ಡಿಗ್ರಿಯ ಹೊಸದನ್ನೇ ಹಾಕುತ್ತೇನೆ. ಜೊತೆಯ ಡಯೋಡಿನ ಜಾಗದಲ್ಲಿ ಯಾರಾದರೂ 1ಎನ್4007 ಹಾಕಿದ್ದರೆ ಕಿತ್ತುಹಾಕಿ; ಈ ವೇಗಕ್ಕೆ ಎಂಯುಆರ್120ರಂಥ ಅಲ್ಟ್ರಾಫಾಸ್ಟ್ ಡಯೋಡ್ ಬೇಕು.

ಮಾಸ್‌ಫೆಟ್ ಕೂಡ ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ಇಲ್ಲಿ ಸುಳ್ಳು. ಐಆರ್‌ಎಫ್‌ಬಿ4019ರ ಗೇಟ್ ಚಾರ್ಜ್ (ಆನ್ ಮಾಡಲು ಗೇಟಿಗೆ ತುಂಬಬೇಕಾದ ಚಾರ್ಜ್) 13 ನ್ಯಾನೋಕೂಲಂಬ್, ಐಆರ್‌ಎಫ್‌ಬಿ4227ರದ್ದು 70. 4019ರ ಜಾಗದಲ್ಲಿ 4227 ಹಾಕಿದರೆ ಆನ್-ಆಫ್ ನಿಧಾನವಾಗಿ, ಎರಡೂ ಮಾಸ್‌ಫೆಟ್ ಕ್ಷಣಕಾಲ ಒಟ್ಟಿಗೆ ಆನ್ ಆಗುವ ಅಪಾಯವಿದೆ.

ಎಲ್ಲ ಬೆಸೆದ ಮೇಲೆ ಮತ್ತೆ ಬಲ್ಬ್. ಒಮ್ಮೆ ಮಿನುಗಿ ಆರಬೇಕು. ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ 30 ಮಿಲಿವೋಲ್ಟ್ ಒಳಗಿದ್ದರೆ ಬಲ್ಬ್ ತೆಗೆದು, 8 ಓಮ್ ಡಮ್ಮಿ ಲೋಡಿಗೆ 1 ಕಿಲೋಹರ್ಟ್ಸ್ ಕೊಡುತ್ತೇನೆ. ಹತ್ತು ನಿಮಿಷದಲ್ಲಿ ಔಟ್‌ಪುಟ್ ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾದರೆ ಅದರ ಕೋರ್ ಒಡೆದಿದೆಯೇ ನೋಡಬೇಕು.

ಕೊನೆಗೆ 30 ಹರ್ಟ್ಸ್ ಕೊಟ್ಟು ರೈಲ್ ವೋಲ್ಟೇಜ್ ಗಮನಿಸುತ್ತೇನೆ. ಹಾಫ್ ಬ್ರಿಡ್ಜ್‌ನಲ್ಲಿ ಬಾಸ್ ಬಂದಾಗ ಕಾಯಿಲಿನ ಶಕ್ತಿ ಎದುರು ರೈಲಿಗೆ ಹಿಂತಿರುಗಿ ಅದನ್ನು ಏರಿಸುತ್ತದೆ. 60 ವೋಲ್ಟ್ ರೈಲಿನಲ್ಲಿ 63 ವೋಲ್ಟ್ ಕೆಪಾಸಿಟರ್ ಇದ್ದರೆ ಅದು ಉಳಿಯುವುದಿಲ್ಲ, 80 ಅಥವಾ 100 ವೋಲ್ಟಿನದು ಹಾಕಿ. ಸ್ಟೀರಿಯೋ ಆದರೆ ಒಂದು ಚಾನೆಲ್ಲಿನ ಇನ್‌ಪುಟ್ ಫೇಸ್ ತಿರುಗಿಸಿ, ಅದೇ ಚಾನೆಲ್ಲಿನ ಸ್ಪೀಕರ್ ವೈರ್ ಅದಲುಬದಲು ಮಾಡಿದರೆ ಈ ಏರಿಕೆ ಬಹಳಷ್ಟು ತಗ್ಗುತ್ತದೆ.