ಬೆಳಿಗ್ಗೆ ಎಂಟು ಗಂಟೆಯ ರಕ್ತ

ನನಗೆ ಈಗ 47 ವರ್ಷ. ಬೇಲೂರು ತಾಲೂಕಿನ ಅರೇಹಳ್ಳಿ ಕಡೆ ಎರಡೂವರೆ ಎಕರೆ ಕಾಫಿ ತೋಟ ಇದೆ. ಎಚ್‌ಐವಿ ಇದೆ ಅಂತ ಗೊತ್ತಾಗಿದ್ದು 2009ರಲ್ಲಿ. ಮರುವರ್ಷ ಸಿಡಿ4 ಅನ್ನುವ, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಎಣಿಕೆ 180ಕ್ಕೆ ಇಳಿದಾಗ ಮಾತ್ರೆ ಶುರುವಾಯಿತು. ಆಗಿನಿಂದ ಎಚ್‌ಐವಿ ಮಾತ್ರೆ ಕೊಡುವ ಹಾಸನದ ಎಆರ್‌ಟಿ ಕೇಂದ್ರಕ್ಕೇ ಹೋಗುತ್ತೇನೆ. ಚಿಕ್ಕಮಗಳೂರಿಗೂ ಹೋಗಬಹುದಿತ್ತು, ಆದರೆ ಅಲ್ಲಿ ನೆಂಟರು ಜಾಸ್ತಿ.

2021ರಲ್ಲಿ ನನ್ನನ್ನು ಟಿಎಲ್‌ಡಿಗೆ ಬದಲಾಯಿಸಿದರು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ಒಂದೇ ಮಾತ್ರೆ. ದಿನಕ್ಕೊಂದು. ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಕಾಣಿಸದೆ ವರ್ಷಗಳೇ ಆಗಿವೆ. ಕಾಗದದ ಮೇಲೆ ನಾನು ಚೆನ್ನಾಗಿದ್ದೆ.

ಆದರೆ 2022ರಲ್ಲಿ ಮರಗಸಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವ ಸಮಯದಲ್ಲಿ ಏನೋ ಸರಿ ಇಲ್ಲ ಅನ್ನಿಸಿತು. ಪ್ರತಿ ವರ್ಷ ಆಳುಗಳ ಜೊತೆ ನಿಂತು ಸಂಜೆವರೆಗೂ ಕೊಂಬೆ ಎಳೆದು ಹಾಕುತ್ತಿದ್ದವನು ಹನ್ನೊಂದು ಗಂಟೆಗೇ ಕೂತುಬಿಡುತ್ತಿದ್ದೆ. ರಾತ್ರಿ ಎಂಟಕ್ಕೇ ನಿದ್ದೆ, ಬೆಳಿಗ್ಗೆ ಎದ್ದರೂ ಸುಸ್ತು. ಸಣ್ಣ ಮಾತಿಗೂ ಕಣ್ಣಲ್ಲಿ ನೀರು ಬರುತ್ತಿತ್ತು. ಹೆಂಡತಿಯ ಮೇಲೆ ಪ್ರೀತಿ ಕಡಿಮೆ ಆಗಿರಲಿಲ್ಲ, ಆದರೆ ಆಸೆ ಅನ್ನೋದೇ ಹೊರಟುಹೋಗಿತ್ತು. ಬೆಳಗಿನ ಜಾವ ಗಂಡಸರಿಗೆ ತಾನಾಗಿ ಆಗುವ ನಿಮಿರುವಿಕೆಯೂ ನಿಂತಿತ್ತು. ಇದನ್ನು ಯಾರ ಹತ್ತಿರ ಹೇಳೋದು?

ಒಂದು ಗುರುತನ್ನು ಮೊದಲು ಕಂಡಿದ್ದು ಅವಳೇ. "ರೀ, ಮೊದಲು ದಿನಾ ಬಿಟ್ಟು ದಿನಾ ಗಡ್ಡ ಕೆರೀತಿದ್ರಿ. ಈಗ ನಾಲ್ಕು ದಿನ ಆದ್ರೂ ಬೇಕಾಗಲ್ವಲ್ಲ" ಅಂದಳು. ಆ ರಾತ್ರಿ ಅವಳು ಇನ್ನೊಂದು ಮಾತನ್ನೂ ಕೇಳಿದಳು. ತನ್ನ ಮೇಲೆ ಮನಸ್ಸು ಮುರಿದಿದೆಯಾ ಅಂತ. ಅವಳಿಗೆ ಸೋಂಕಿಲ್ಲ. ಇಷ್ಟು ವರ್ಷ ನನ್ನ ಜೊತೆ ನಿಂತವಳು. ಆ ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಕೂರೋಕೆ ನನ್ನಿಂದ ಆಗಲಿಲ್ಲ.

ಮೊದಲು ಹೋಗಿದ್ದು ಒಂದು ಖಾಸಗಿ ಕ್ಲಿನಿಕ್‌ಗೆ. ಸಂಕೋಚ ಬಿಟ್ಟು ಎಲ್ಲ ಹೇಳಿದೆ. ಡಾಕ್ಟರು ತಲೆ ಎತ್ತದೆ, "ಈ ವಯಸ್ಸಲ್ಲಿ, ಈ ಕಾಯಿಲೆ ಇಟ್ಕೊಂಡು, ಅದೆಲ್ಲ ಯಾಕ್ರೀ ನಿಮಗೆ" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಎಚ್‌ಐವಿ ಇದ್ದವರಿಗೂ ಸಂಸಾರ ಇದೆ. ಮಾತ್ರೆ ತಪ್ಪಿಸದೆ ನುಂಗಿ, ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ ದೈಹಿಕ ಸಂಬಂಧದಿಂದ ಸಂಗಾತಿಗೆ ಸೋಂಕು ಹರಡಲ್ಲ. ಹಾಗಿದ್ದ ಮೇಲೆ ನಮ್ಮ ಆಸೆ ಯಾಕೆ ಬೇಡದ ವಸ್ತು ಆಗಬೇಕು?

ಬೇಸರದಲ್ಲಿ ನಾನೇ ಒಂದು ಲ್ಯಾಬ್‌ಗೆ ಹೋಗಿ ಗಂಡು ಹಾರ್ಮೋನಾದ ಟೆಸ್ಟೊಸ್ಟಿರಾನ್ ಪರೀಕ್ಷೆ ಮಾಡಿಸಿದೆ. ಮಧ್ಯಾಹ್ನ ಮೂರು ಗಂಟೆ, ಹೊಟ್ಟೆ ತುಂಬ ಊಟ ಆಗಿತ್ತು. 231 ಬಂತು. ಜಿಮ್ ನಡೆಸುವ ಪರಿಚಯದವರೊಬ್ಬರಿಗೆ ರಿಪೋರ್ಟ್ ತೋರಿಸಿದೆ. ಮೂರು ವಾರಕ್ಕೊಂದು ಇಂಜೆಕ್ಷನ್ ಹಾಕಿಸಿಕೊಂಡರೆ ಹುಡುಗನ ಹಾಗೆ ಆಗ್ತೀರಿ ಅಂದರು. ಡಬ್ಬಿಯನ್ನೂ ಅವರೇ ತರಿಸಿಕೊಟ್ಟರು. ದುಡ್ಡು ಕೊಟ್ಟು ತಂದೆ.

ಹಾಕಿಸಿಕೊಳ್ಳುವ ಮೊದಲು ಮಾತ್ರೆಗೆ ಅಂತ ಹಾಸನಕ್ಕೆ ಹೋಗಿದ್ದೆ. ಅದು ನನ್ನ ಪುಣ್ಯ. ಕೌನ್ಸೆಲರ್ ಮೇಡಂ ಹತ್ತಿರ ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ರಕ್ತ ಎಷ್ಟು ಗಂಟೆಗೆ ಕೊಟ್ರಿ?"

ಈ ಹಾರ್ಮೋನು ಬೆಳಿಗ್ಗೆ ಜಾಸ್ತಿ ಇರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ಊಟ ಮಾಡಿದ ಮೇಲೂ ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಒಂದು ಸಲ ಕಡಿಮೆ ಬಂದರೆ ಬೇರೆ ದಿನ ಇನ್ನೊಂದು ಸಲ ನೋಡಬೇಕು. ಜ್ವರ ಇದ್ದಾಗ ಕೊಟ್ಟರೂ, ನಿದ್ದೆಗೆಟ್ಟು ಕೊಟ್ಟರೂ ಲೆಕ್ಕ ತಪ್ಪುತ್ತದೆ. ಕಣದಲ್ಲಿ ಕಾಫಿ ಕಾಯುತ್ತ ಮಲಗಿದ ರಾತ್ರಿಯ ಮಾರನೇ ದಿನ ಹೋಗಬೇಡಿ ಅಂತ ನಮ್ಮ ಕಡೆಯವರಿಗೆ ನಾನು ಈಗ ಹೇಳುತ್ತೇನೆ.

ಹಳ್ಳಿಯಿಂದ ಇದೆಲ್ಲ ಸುಲಭ ಅಲ್ಲ. ಮೊದಲ ಬಸ್ಸು ಹಿಡಿದರೂ ಹಾಸನ ಮುಟ್ಟುವಷ್ಟರಲ್ಲಿ ಹೊತ್ತಾಗುತ್ತದೆ. ಹಿಂದಿನ ದಿನವೇ ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜ್‌ನಲ್ಲಿ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಕಾಫಿಯನ್ನೂ ಕುಡಿಯದೆ ಎಂಟು ಗಂಟೆಗೆ ರಕ್ತ ಕೊಟ್ಟೆ. ಎರಡು ವಾರ ಬಿಟ್ಟು ಮತ್ತೆ ಹಾಗೇ. ಲ್ಯಾಬ್‌ನವರಿಗೆ ಎಚ್‌ಐವಿ ವಿಷಯ ಹೇಳಲಿಲ್ಲ. ಹೇಳು ಅಂತ ಒತ್ತಾಯ ಮಾಡುವ ಹಾಗೂ ಇಲ್ಲ, 2017ರ ಎಚ್‌ಐವಿ ಕಾಯ್ದೆ ನಮಗೆ ಆ ರಕ್ಷಣೆ ಕೊಟ್ಟಿದೆ. ಚಿಕಿತ್ಸೆ ಕೊಡುವ ಡಾಕ್ಟರಿಗೆ ಮಾತ್ರ ಯಾವ ಮಾತ್ರೆಯನ್ನೂ ಮುಚ್ಚಿಡಬಾರದು. ಔಷಧಿಗೂ ಔಷಧಿಗೂ ಜಗಳ ಆಗುತ್ತದೆ.

ಮೊದಲ ಸಲ 286, ಎರಡನೇ ಸಲ 302. ಡೆಸಿಲೀಟರ್ ರಕ್ತದಲ್ಲಿ ಎಷ್ಟು ನ್ಯಾನೋಗ್ರಾಂ ಅನ್ನುವ ಲೆಕ್ಕ ಅದು. ಸಾಮಾನ್ಯವಾಗಿ 300ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತಾರೆ. ನಾನು ಸರಿಯಾಗಿ ಗಡಿಯ ಮೇಲೆ ಇದ್ದೆ.

ಮೇಡಂ ಕಳಿಸಿದ ಫಿಜಿಶಿಯನ್ ಇಂಜೆಕ್ಷನ್ ಮಾತೇ ಎತ್ತಲಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ವಿಟಮಿನ್ ಡಿ, ಪ್ರೊಲ್ಯಾಕ್ಟಿನ್, ಎಲ್‌ಎಚ್ ಎಲ್ಲ ನೋಡಿಸಿದರು. ಕೆಮ್ಮು ಇದೆಯಾ, ಗೊರಕೆ ಹೊಡೀತೀರಾ, ಎಷ್ಟು ಕುಡೀತೀರಿ, ಮನಸ್ಸು ಹೇಗಿದೆ ಅಂತ ಕೇಳಿದರು. ಆಮೇಲೆ ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನುವ ಸಂದೇಶ ಕಳಿಸುತ್ತದೆ, ಅದನ್ನು ಕೇಳಿ ವೃಷಣ ಟೆಸ್ಟೊಸ್ಟಿರಾನ್ ಮಾಡುತ್ತದೆ. ಹೊರಗಿನಿಂದ ಇಂಜೆಕ್ಷನ್ ಹಾಕಿದರೆ ಸಾಕಷ್ಟಿದೆ ಅಂದುಕೊಂಡು ಮಿದುಳು ಸಂದೇಶ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ತೀರಾ ಕಡಿಮೆ ಆಗುತ್ತದೆ, ಕೆಲವರಲ್ಲಿ ನಿಂತೇ ಹೋಗುತ್ತದೆ. ನನಗೆ ಇಬ್ಬರು ಮಕ್ಕಳಿದ್ದಾರೆ. ಆದರೆ ಮಾತ್ರೆಯ ಸಾಲಿನಲ್ಲಿ ಮದುವೆ ಗೊತ್ತಾದ ಹುಡುಗರೂ ನಿಂತಿರುತ್ತಾರಲ್ಲ. ಅವರಲ್ಲಿ ಯಾರಾದರೂ ಜಿಮ್‌ನವರ ಮಾತು ಕೇಳಿದರೆ ಗತಿ ಏನು?

ನನ್ನ ತೂಕ ಟಿಎಲ್‌ಡಿಗೆ ಬಂದ ಮೇಲೆ 68ರಿಂದ 81 ಕೆಜಿ ಆಗಿತ್ತು. ಡೊಲುಟೆಗ್ರಾವಿರ್ ತಗೊಳ್ಳುವವರಲ್ಲಿ ಕೆಲವರಿಗೆ ತೂಕ ಏರುತ್ತದೆ. ಆದರೆ ಪೂರ್ತಿ ಮಾತ್ರೆಯ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ತೋಟಕ್ಕೆ ಬೈಕಲ್ಲಿ ಹೋಗೋದು, ಸಂಜೆ ಬ್ರಾಂದಿ, ರಾತ್ರಿ ನಾಲ್ಕು ಅಕ್ಕಿ ರೊಟ್ಟಿ, ಇದೆಲ್ಲ ಸೇರಿತ್ತು. ಹೊಟ್ಟೆಯ ಕೊಬ್ಬು ಟೆಸ್ಟೊಸ್ಟಿರಾನನ್ನು ಹೆಣ್ಣು ಹಾರ್ಮೋನಾಗಿ ಬದಲಾಯಿಸುತ್ತದೆ ಅಂತ ಡಾಕ್ಟರು ಹೇಳಿದಾಗ ನನಗೆ ನಿಜಕ್ಕೂ ಆಶ್ಚರ್ಯ ಆಯಿತು. ಆರು ತಿಂಗಳು ಕೊಡಿ, ಆಮೇಲೆ ಮತ್ತೆ ನೋಡೋಣ ಅಂದರು.

ಬ್ರಾಂದಿ ಬಿಟ್ಟೆ. ಮೊದಲ ತಿಂಗಳು ತುಂಬಾ ಕಷ್ಟ ಆಯಿತು. ರೊಟ್ಟಿ ಎರಡಕ್ಕೆ ಇಳಿಸಿ, ಜೊತೆಗೆ ಹೆಸರುಕಾಳು ಪಲ್ಯವೋ ಮೊಟ್ಟೆಯೋ ಇಟ್ಟುಕೊಂಡೆ. ತೋಟಕ್ಕೆ ನಡೆದೇ ಹೋದೆ. ವಾರಕ್ಕೆ ಮೂರು ದಿನ ಅರ್ಧ ತುಂಬಿದ ಗೊಬ್ಬರದ ಚೀಲ ಎತ್ತಿ ಇಳಿಸುವುದೇ ನನ್ನ ವ್ಯಾಯಾಮ. ವಿಟಮಿನ್ ಡಿ ಕಡಿಮೆ ಇದ್ದುದರಿಂದ ಕ್ಯಾಲ್ಸಿಯಂ ಮಾತ್ರೆಯನ್ನೂ ಬರೆದುಕೊಟ್ಟರು. ಇಲ್ಲಿ ಒಂದು ಎಚ್ಚರ ಬೇಕು. ಕ್ಯಾಲ್ಸಿಯಂ, ಕಬ್ಬಿಣ, ಅಲ್ಯುಮಿನಿಯಂ ಅಥವಾ ಮೆಗ್ನೀಷಿಯಂ ಇರುವ ಅಸಿಡಿಟಿ ಔಷಧಿಗಳು ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತದ ಹಾಗೆ ಮಾಡಬಹುದು. ನಾನು ಕ್ಯಾಲ್ಸಿಯಂ ಬೆಳಿಗ್ಗೆ, ಟಿಎಲ್‌ಡಿ ರಾತ್ರಿ ಅಂತ ದೂರ ಇಟ್ಟೆ.

ಏಳು ತಿಂಗಳಲ್ಲಿ 73 ಕೆಜಿಗೆ ಬಂದೆ. ಬೆಳಗಿನ ರಕ್ತದಲ್ಲಿ 388. ಸಂಖ್ಯೆ ನೋಡುವ ಮೊದಲೇ ಮೈಗೆ ಗೊತ್ತಾಗಿತ್ತು. ಮನೆಯವಳಿಗೂ ಗೊತ್ತಾಗಿತ್ತು. ಡಬ್ಬಿಯಲ್ಲಿದ್ದ ಇಂಜೆಕ್ಷನ್ನನ್ನು ಮೇಡಂ ಕೈಗೇ ಕೊಟ್ಟುಬಿಟ್ಟೆ.

ಎಲ್ಲರಿಗೂ ಹೀಗೇ ಆಗಲ್ಲ. ಸಕಲೇಶಪುರ ಕಡೆಯ ನನ್ನ ಗೆಳೆಯ ಸಣಕಲು ಮೈಯವನು, ಕುಡಿಯುವವನಲ್ಲ. ಅವನಿಗೂ ನನ್ನದೇ ತೊಂದರೆ, ಆದರೆ ಬೆಳಗಿನ ರಿಪೋರ್ಟಿನಲ್ಲಿ 430. ಎಲ್ಲ ಸರಿ ಇದೆ ಅಂತ ಮೊದಲು ವಾಪಸ್ ಕಳಿಸಿದ್ದರು. ರಕ್ತದಲ್ಲಿ ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನು ಈ ಹಾರ್ಮೋನನ್ನು ಹಿಡಿದುಕೊಂಡಿರುತ್ತದೆ. ಹಿಡಿತದಲ್ಲಿರುವುದು ಮೈಗೆ ಕೆಲಸಕ್ಕೆ ಬರಲ್ಲ. ಎಚ್‌ಐವಿ ಇರುವ ಗಂಡಸರಲ್ಲಿ ಆ ಪ್ರೋಟೀನು ಹೆಚ್ಚಿರುವುದು ಸಾಮಾನ್ಯ. ಹಾಗಾಗಿ ಒಟ್ಟು ಸಂಖ್ಯೆ ಚೆನ್ನಾಗಿ ಕಂಡರೂ ಬಿಡಿಯಾಗಿ ಓಡಾಡುವ ಭಾಗ ಕಡಿಮೆ ಇರಬಹುದು. ಅವನಿಗೆ ಫ್ರೀ ಟೆಸ್ಟೊಸ್ಟಿರಾನ್ ಲೆಕ್ಕ ಹಾಕಿದಾಗ ನಿಜವಾಗಿಯೂ ಕಡಿಮೆ ಇತ್ತು.

ಅವನು ಎಚ್‌ಐವಿಗೆ ಎರಡನೇ ಹಂತದ ಚಿಕಿತ್ಸೆಯಲ್ಲಿದ್ದಾನೆ, ಅದರಲ್ಲಿ ರಿಟೊನಾವಿರ್ ಅನ್ನುವ ಔಷಧಿ ಇದೆ. ಡಾಕ್ಟರು ಮೊದಲು ಕೇಳಿದ್ದು ಉಬ್ಬಸಕ್ಕೆ ಇನ್‌ಹೇಲರ್ ಎಳೀತೀಯಾ, ಮಂಡಿಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡಿದ್ದೀಯಾ ಅಂತ. ರಿಟೊನಾವಿರ್ ಜೊತೆ ಕೆಲವು ಸ್ಟೀರಾಯ್ಡ್‌ಗಳು ಮೈಯಲ್ಲಿ ಕರಗದೆ ಉಳಿದು, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯನ್ನು ಮಲಗಿಸಿಬಿಡುತ್ತವೆ. ಆಗಲೂ ಇದೇ ತರ ಸುಸ್ತು. ಅವನಿಗೆ ಅದು ಇರಲಿಲ್ಲ. ಮಕ್ಕಳು ದೊಡ್ಡವರಾಗಿದ್ದಾರೆ, ಪ್ರಾಸ್ಟೇಟ್ ಪರೀಕ್ಷೆಯೂ ಸರಿ ಇತ್ತು. ಅದೆಲ್ಲ ನೋಡಿದ ಮೇಲೇ ಸುಮಾರು ಮೂರು ತಿಂಗಳಿಗೊಂದು ಕೊಡುವ ಇಂಜೆಕ್ಷನ್ ಶುರು ಮಾಡಿದರು.

ಅದರಿಂದ ರಕ್ತ ಗಟ್ಟಿಯಾಗುವ ಅಪಾಯ ಇದೆ. ಹಿಮಾಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಶೇ. 54 ದಾಟಿದರೆ ನಿಲ್ಲಿಸಬೇಕು. ಹೋದ ಸಲ ಅವನದು 49 ಇತ್ತು. ಮುಂದಿನ ಪರೀಕ್ಷೆ ಕೊಯ್ಲು ಮುಗಿದ ಮೇಲೆ. ಒಬ್ಬನೇ ಹೋಗೋಕೆ ಅವನಿಗೆ ಈಗಲೂ ಹಿಂಜರಿಕೆ. ಹಿಂದಿನ ದಿನವೇ ಇಬ್ಬರೂ ಹಾಸನಕ್ಕೆ ಹೋಗಿ ಅದೇ ಲಾಡ್ಜ್‌ನಲ್ಲಿ ಉಳಿಯುತ್ತೇವೆ.