ಜೈಲು ಸೇವೆ ಮಾಡಿ ತೀರಿಕೊಂಡವರನ್ನು ನೆನೆಯುವುದು: ನಮ್ಮ ತಂಡದ ರೂಢಿ

ಜೈಲಿನ ಗೇಟಿನಲ್ಲಿ ಮೊಬೈಲು ಕೊಟ್ಟೇ ಒಳಗೆ ಹೋಗಬೇಕು. ಹಾಗಾಗಿ ಕೈದಿಗಳನ್ನು ಕಂಡು ಅವರಿಗೆ ನೆರವಾಗಲೆಂದು ಹದಿನೈದು-ಇಪ್ಪತ್ತು ವರ್ಷ ಬೀದರ್ ಜೈಲಿಗೆ ಹೋಗಿಬಂದವರದೂ ಒಳಗೆ ತೆಗೆದ ಒಂದು ಫೋಟೊ ಇರುವುದಿಲ್ಲ. ಅವರ ಕೆಲಸವನ್ನು ಕಣ್ಣಾರೆ ಕಂಡವರು ಕೈದಿಗಳು. ಬಿಡುಗಡೆಯಾಗಿ ಊರು ಸೇರಿದ ಮೇಲೆ ಅವರು ತಾವು ಅಲ್ಲಿದ್ದೆವೆಂದು ಯಾರಿಗೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಮದುವೆಯಲ್ಲಿ ಅಡುಗೆಗೆ ನಿಂತವರನ್ನು, ಸಂಡೇ ಸ್ಕೂಲು ನಡೆಸಿದವರನ್ನು ನೆನೆಯುವುದು ಸುಲಭ. ಜೈಲು ಸೇವೆ ಮಾಡಿದವರನ್ನು ನೆನೆಯಲು ಸ್ವಲ್ಪ ತಯಾರಿ ಬೇಕು.

ನಾನು ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ನಮ್ಮ ಮೆಥೋಡಿಸ್ಟ್ ಸಭೆಯ, ಅಂದರೆ ಚರ್ಚಿನ, ಜೈಲು ಸೇವೆ ತಂಡದ ರಿಜಿಸ್ಟರು ನನ್ನ ಹತ್ತಿರ ಇರುತ್ತದೆ. ಈವರೆಗೆ ನಾಲ್ಕು ಮಂದಿಯ ಸ್ಮರಣೆ ಕೂಟ ಮಾಡಿದ್ದೇವೆ. ಮೊದಲನೆಯದನ್ನು ನಾನೇ ಕೆಡಿಸಿದೆ, ಅದನ್ನು ಮುಂದೆ ಹೇಳುತ್ತೇನೆ.

ಮಣ್ಣು ಕೊಟ್ಟು ಬಂದ ವಾರದೊಳಗೆ ಅವರ ಜೈಲಿನ ಚೀಲ ಎಲ್ಲಿದೆ ಎಂದು ಮನೆಯವರನ್ನು ಕೇಳಿ. ತಡವಾದರೆ ಚೀಲ ಹಳೆಪೇಪರಿನವನ ಪಾಲು. ನಮ್ಮ ತಂಡದಲ್ಲಿ ಮಿಷನ್ ಅಕ್ಕ ಎಂದು ಒಬ್ಬರಿದ್ದರು. ಹೊಲಿಗೆ ಮಿಷನ್ನಿನಿಂದ ಬಂದ ಹೆಸರು ಅದು, ಆದರೆ ಮಿಷನ್ ಕಾಂಪೌಂಡಿನ ಅಕ್ಕ ಅಂತಲೇ ಅರ್ಧ ಊರು ತಿಳಿದಿತ್ತು. ಅವರ ಚೀಲದಲ್ಲಿ ಸಿಕ್ಕದ್ದು ಒಂದು ತಗಡಿನ ಡಬ್ಬಿ, ಅದರ ತುಂಬ ಅಂಗಿಯ ಗುಂಡಿ. ಬಿಳಿಯವು ಹೆಚ್ಚು, ನಡುನಡುವೆ ಕಂದು, ನಾಲ್ಕು ತೂತಿನವು, ಎರಡು ತೂತಿನವು, ಒಂದೆರಡು ಪೊಲೀಸು ಅಂಗಿಯವು ಕೂಡ. ಕೋರ್ಟಿಗೆ ಹಾಜರಾಗುವ ವಿಚಾರಣಾಧೀನ ಕೈದಿಗೆ ಎದೆ ಬಿಟ್ಟ ಅಂಗಿ ಹಾಕಿಕೊಂಡು ಜಡ್ಜ್ ಮುಂದೆ ನಿಲ್ಲಲು ನಾಚಿಕೆ. ಸೂಜಿ ಒಳಗೆ ಒಯ್ಯುವಂತಿಲ್ಲ. ಅಕ್ಕ ಜೈಲರ್ ಸಾಹೇಬರ ಒಪ್ಪಿಗೆ ಪಡೆದು ಅಂಗಿಗಳನ್ನು ಮನೆಗೆ ತಂದು, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಮುಂದಿನ ವಾರ ಒಯ್ಯುತ್ತಿದ್ದರು. ಈ ಸಂಗತಿ ಪಕ್ಕದಲ್ಲಿ ಕೂತು ಹಾಡು ಹೇಳುತ್ತಿದ್ದ ನನಗೇ ಗೊತ್ತಿರಲಿಲ್ಲ. ಡಬ್ಬಿ ಕಂಡ ಮೇಲೆ ಕೇಳಿ ತಿಳಿದದ್ದು.

ಆಮೇಲೆ ಕೇಳುವ ಕೆಲಸ. "ಅವರು ಹೆಂಗಿದ್ರು?" ಎಂದು ಮಾತ್ರ ಕೇಳಬೇಡಿ. "ಭಾಳ ಛಲೋ ಮನುಷ್ಯ ನೋಡ್ರಿ" ಎಂಬ ಒಂದೇ ಉತ್ತರ ಹತ್ತು ಮಂದಿಯಿಂದ ಬರುತ್ತದೆ, ಹತ್ತನ್ನೂ ಚೆಲ್ಲಬೇಕಾಗುತ್ತದೆ. ಚೀಲದಾಗ ಏನಿರ್ತಿತ್ತು? ಯಾವ ಹಾಡು ಮೊದಲು ಎತ್ತುತಿದ್ರು? ಯಾರ ಮ್ಯಾಲಾದ್ರೂ ಸಿಟ್ಟು ಬಂದಿತ್ತೇನು? ಮಳೆ ಬಂದ ಭಾನುವಾರ ಹೆಂಗ ಬರ್ತಿದ್ರು? ಇಂಥವು ಕೇಳಿ. ನಮ್ಮ ಒಬ್ಬ ಹಿರಿಯರ ಬಗ್ಗೆ ಸಿಟ್ಟಿನ ಪ್ರಶ್ನೆಗೇ ಒಳ್ಳೆಯ ಉತ್ತರ ಸಿಕ್ಕಿತು. ಅವರು ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. 1948ಕ್ಕೆ ಮುಂಚೆ ಬೀದರಿನಲ್ಲಿ ಶಾಲೆ ಕಲಿತವರಿಗೆ ಅದೇ ವಾಡಿಕೆ. ಮುಸ್ಲಿಂ ಹುಡುಗರಿಗೆ ಮನೆಯಿಂದ ಬಂದ ಉರ್ದು ಕಾಗದ ಓದಿ ಹೇಳುತ್ತಿದ್ದರು, ತಿರುಗಿ ಐವತ್ತು ಪೈಸೆಯ ಕಾರ್ಡಿನ ಮೇಲೆ ಜವಾಬು ಬರೆದುಕೊಡುತ್ತಿದ್ದರು. ಒಂದು ಸಲ ತಂಡದ ಯುವಕನೊಬ್ಬ, "ಅಜ್ಜಾರ, ಕಾರ್ಡಿನ ಕೆಳಗ ಒಂದು ಬೈಬಲ್ ವಚನ ಬರೀರಿ" ಅಂದನಂತೆ. ಅಜ್ಜ ಪೆನ್ನಿನ ಟೋಪಿ ಹಾಕಿ, "ಕಾಗದ ಅವಂದು, ಮಾತೂ ಅವಂದೇ ಇರ್ಬೇಕು" ಎಂದು ಗದರಿದರು. ಹೇಳಿದವನು ಆ ಯುವಕನೇ, ಈಗ ಅವನಿಗೂ ಐವತ್ತು ದಾಟಿದೆ.

ಕೇಳಬೇಕಾದವರಲ್ಲಿ ವಾರ್ಡರುಗಳನ್ನು ಮರೆಯಬೇಡಿ. ನಿವೃತ್ತರಾದವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ, ನೌಕರಿಯಲ್ಲಿ ಇರುವವರನ್ನು ಇಕ್ಕಟ್ಟಿಗೆ ಸಿಲುಕಿಸಬಾರದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಡೆ ಓಡಾಡಿದ ವಕೀಲರೂ ಇರುತ್ತಾರೆ. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆಂಬುದು 1987ರ ಕಾಯ್ದೆಯಲ್ಲೇ ಇದೆ. ಆದರೆ ಅದನ್ನು ಕೈದಿಗೆ ತಿಳಿಸಿ, ಅರ್ಜಿ ಬರೆಸಿ, ಹಿಂದೆ ಬೀಳುವ ಒಬ್ಬರು ಬೇಕು. ಜಾಮೀನು ಸಿಕ್ಕೂ ಶ್ಯೂರಿಟಿ ಕೊಡುವವರಿಲ್ಲದೆ ಒಳಗೇ ಉಳಿದವರ ಮನೆ ಹುಡುಕಿಕೊಂಡು ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಗೆ ಬಸ್ಸು ಹತ್ತಿದವರು ನಮ್ಮಲ್ಲಿದ್ದರು. ಆ ಓಡಾಟ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಈಗ ನನ್ನ ತಪ್ಪು. ಮೊದಲ ಕೂಟಕ್ಕೆ ದೊಡ್ಡ ಫ್ಲೆಕ್ಸ್ ಹಾಕಿಸಿ, ಮೂರು ಮುಖ್ಯ ಅತಿಥಿಗಳನ್ನು ಕರೆದು, ಶಾಲು ಹೊದಿಸಿದ್ದೆ. ಭಾಷಣ ಒಂದೂವರೆ ತಾಸು. ಅಷ್ಟಾಗಿದ್ದರೆ ನಡೆದುಹೋಗುತ್ತಿತ್ತು. ನಾನು ಮೈಕು ಹಿಡಿದು, ತೀರಿಕೊಂಡವರ ಪ್ರೀತಿಯಿಂದ ಬದಲಾದ ಒಬ್ಬ ತಮ್ಮ ಇಲ್ಲೇ ಕೂತಿದ್ದಾನೆ ಎಂದು ಬೆರಳು ತೋರಿಸಿ, ಯಾವ ಕೇಸಿನಲ್ಲಿ ಒಳಗಿದ್ದ ಎಂಬುದನ್ನೂ ಹೇಳಿಬಿಟ್ಟೆ. ಅವನ ಪಕ್ಕದಲ್ಲಿ ಮದುವೆಯಾಗಿ ಎಂಟು ತಿಂಗಳಾದ ಹೆಂಡತಿ ಕೂತಿದ್ದಳು. ಇಬ್ಬರೂ ಎದ್ದು ಹೋದರು. ಅವನು ಮತ್ತೆ ನಮ್ಮ ಸಭೆಗೆ ಬರಲಿಲ್ಲ, ನಾನು ಮನೆಗೆ ಹೋದರೆ ಬಾಗಿಲು ತೆಗೆಯಲಿಲ್ಲ.

ಅಂದಿನಿಂದ ಒಂದು ಕಟ್ಟುನಿಟ್ಟು: ಕೈದಿಯ ಹೆಸರು, ಊರು, ಕೇಸು ಕೂಟದಲ್ಲಿ ಯಾರ ಬಾಯಿಂದಲೂ ಬರಬಾರದು. ಒಳಗಿದ್ದು ಬಂದವರು ತಾವಾಗಿ ಬಂದರೆ ಎಲ್ಲರಂತೆ ಕುರ್ಚಿ ಕೊಡಿ. ಮಾತಾಡ್ತೀರೇನು ಎಂದು ಕೇಳಬೇಡಿ, ಕೇಳಿದರೆ ಇಲ್ಲವೆನ್ನಲು ಅವರಿಗೆ ಕಷ್ಟ. ಹೇಳಬೇಕೆನಿಸಿದರೆ ಅವರೇ ಎದ್ದು ನಿಲ್ಲುತ್ತಾರೆ. ಮತ್ತೊಂದು, ಇಷ್ಟು ಮಂದಿಗೆ ದೀಕ್ಷಾಸ್ನಾನವಾಯಿತು, ಇಷ್ಟು ಮಂದಿ ಬದಲಾದರು ಎಂಬ ಲೆಕ್ಕ ಬೇಡ. ಗುಂಡಿಯ ಡಬ್ಬಿ ಮುಂದಿಟ್ಟಾಗ ಆ ಲೆಕ್ಕ ಚಿಲ್ಲರೆ ಅನ್ನಿಸುತ್ತದೆ.

ಏನು ಓದಬೇಕು ಎಂದು ಸಭಾಪಾಲಕರು ಕೇಳುತ್ತಾರೆ. ಸಾಮಾನ್ಯವಾಗಿ ಬೈಬಲಿನ ಮತ್ತಾಯ 25ನೇ ಅಧ್ಯಾಯ ಓದುತ್ತಾರೆ, ಸೆರೆಯಲ್ಲಿದ್ದಾಗ ನೋಡಲು ಬಂದಿರಿ ಎಂಬ ಭಾಗ. ಅದು ಸರಿಯೇ. ಆದರೆ ನನಗೆ ಇನ್ನೂ ಹತ್ತಿರವಾದದ್ದು ಅಪೊಸ್ತಲ ಪೌಲನು ಸೆರೆಯಲ್ಲಿದ್ದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯದ ಕೊನೆ. ಅಲ್ಲಿ ಪೌಲ ಒನೇಸಿಫೊರನನ್ನು ಮೂರೇ ವಚನದಲ್ಲಿ ನೆನೆಯುತ್ತಾನೆ: ತನ್ನ ಬೇಡಿಗೆ ಅವನು ನಾಚಲಿಲ್ಲ, ರೋಮಿಗೆ ಬಂದಾಗ ಹುಡುಕಾಡಿ ಪತ್ತೆ ಹಚ್ಚಿದ, ಎಷ್ಟೋ ಸಲ ಆದರಿಸಿದ. ಹೊಗಳಿಕೆಯ ಮಾತೇ ಇಲ್ಲ, ಮಾಡಿದ್ದು ಮಾತ್ರ. ಕೈದಿ ತನ್ನನ್ನು ನೋಡಲು ಬಂದವನ ಬಗ್ಗೆ ಬರೆದದ್ದು ಅದು. ನಮ್ಮ ಸ್ಮರಣೆಯ ಮಾತಿಗೆ ಅದೇ ಅಳತೆ.

ನಾವು ಮೆಥೋಡಿಸ್ಟರಾದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ನಮ್ಮ ಪಂಥಕ್ಕೆ ಮೂಲನಾದ ಜಾನ್ ವೆಸ್ಲಿ ಮತ್ತು ಅವನ ತಮ್ಮ ಚಾರ್ಲ್ಸ್ ಆಕ್ಸ್‌ಫರ್ಡಿನ ಕೋಟೆಯ ಜೈಲಿಗೆ ಮೊದಲು ಹೋದದ್ದು 1730ರ ಆಗಸ್ಟಿನಲ್ಲಿ, ಅದೂ ವಿಲಿಯಂ ಮಾರ್ಗನ್ ಎಂಬ ವಿದ್ಯಾರ್ಥಿ ಬಿಡದೆ ಹೇಳಿದ್ದಕ್ಕೆ. ಅವನು ಎರಡೇ ವರ್ಷದಲ್ಲಿ ತೀರಿಕೊಂಡ. ಸಾರಾ ಪೀಟರ್ಸ್ ಎಂಬ ಹೆಂಗಸು ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ ಮರಣದಂಡನೆಯ ತೀರ್ಪಾದ ಕೈದಿಗಳ ಜೊತೆ ಕೂತು, ಜ್ವರ ಹತ್ತಿಸಿಕೊಂಡು 1748ರಲ್ಲಿ ತೀರಿಕೊಂಡಳು. ವೆಸ್ಲಿ ಅವಳ ಬಗ್ಗೆ ತನ್ನ ದಿನಚರಿಯಲ್ಲಿ ವಿವರವಾಗಿ ಬರೆದಿಟ್ಟ. ಬರೆದಿಟ್ಟದ್ದಕ್ಕೇ ಇಂದು ಬೀದರಿನಲ್ಲಿ ಕೂತ ನನಗೆ ಅವಳ ಹೆಸರು ಗೊತ್ತು.

ಕೂಟವನ್ನು ಒಂದು ತಾಸಿಗೆ ಮುಗಿಸಿ. ಮೇಜಿನ ಮೇಲೆ ಫೋಟೊ ಚಿಕ್ಕದಿರಲಿ, ಅವರು ಬಳಸಿದ ಒಂದು ವಸ್ತು ಇರಲಿ. ಹಾಡು ಅವರು ಎತ್ತುತ್ತಿದ್ದದ್ದೇ ಆಗಲಿ, ರಾಗ ತಪ್ಪಿಸಿ ಹಾಡುತ್ತಿದ್ದರೆ ಆ ತಪ್ಪು ರಾಗದಲ್ಲೇ. ಮಾತಿಗೆ ನಾಲ್ಕೇ ಮಂದಿ, ಒಬ್ಬೊಬ್ಬರು ಒಂದೇ ಘಟನೆ. ಆಮೇಲೆ ಚಹಾ, ಸುಸಲಾ, ಮಿರ್ಚಿ. ನಿಜವಾದ ಮಾತುಗಳು ಮಿರ್ಚಿ ತಿನ್ನುವಾಗ ಹೊರಡುತ್ತವೆ, ಆದ್ದರಿಂದ ಬರೆದುಕೊಳ್ಳುವವನು ತನ್ನ ತಟ್ಟೆಯನ್ನು ಆಮೇಲೆ ತುಂಬಿಸಿಕೊಳ್ಳಲಿ.

ಜೈಲಿನ ಒಳಗೂ ಒಂದು ಚಿಕ್ಕ ಸ್ಮರಣೆ ಮಾಡುವುದಾದರೆ ಹದಿನೈದು ದಿನ ಮೊದಲೇ ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಡಿ: ಬರುವವರ ಹೆಸರು, ಆಧಾರ್ ನಕಲು, ಒಯ್ಯುವ ವಸ್ತುಗಳ ಪಟ್ಟಿ. ಮೇಣದಬತ್ತಿ ಬೇಡ, ಗಾಜು ಬೇಡ. ಹತ್ತು ನಿಮಿಷ ಸಾಕು. ಸುದ್ದಿಯನ್ನು ಮಾತ್ರ ಮುಚ್ಚಿಡಬೇಡಿ. ಪ್ರತಿ ಭಾನುವಾರ ಬರುತ್ತಿದ್ದವರು ಬರದೇ ಹೋದರೆ ಒಳಗಿನವರು ತಮ್ಮನ್ನು ಬಿಟ್ಟರು ಎಂದುಕೊಳ್ಳುತ್ತಾರೆ, ತೀರಿಕೊಂಡರು ಎಂದುಕೊಳ್ಳುವುದಿಲ್ಲ.

ಕೊನೆಗೆ ಕೂಡಿಸಿದ್ದನ್ನೆಲ್ಲ ನಾಲ್ಕೈದು ಪುಟ ಬರೆದು ಮೂರು ಪ್ರತಿ ಮಾಡಿ. ಒಂದು ಸಭೆಯ ಕಪಾಟಿಗೆ, ಒಂದು ರಿಜಿಸ್ಟರಿಗೆ, ಒಂದು ಮನೆಯವರಿಗೆ. ಮನೆಯವರಿಗೆ ಕೊಡುವಾಗ ಓದಿ ತಿದ್ದಲು ಹೇಳಿ, ಪೆನ್ನೂ ಕೊಡಿ. ಭಾನುವಾರ ಮಧ್ಯಾಹ್ನ ತಾಯಿ ಮನೆಯಲ್ಲಿ ಇರುತ್ತಿರಲಿಲ್ಲ ಎಂಬ ಸಿಟ್ಟು ಮಕ್ಕಳಲ್ಲಿ ಇರುತ್ತದೆ, ಅದಕ್ಕೂ ಪುಟದಲ್ಲಿ ಜಾಗ ಬೇಕು. ಮಿಷನ್ ಅಕ್ಕನ ಮಗ ಒಂದು ತಿಂಗಳು ಪ್ರತಿ ಇಟ್ಟುಕೊಂಡು ವಾಪಸು ತಂದ. ತಿದ್ದಿದ್ದು ಒಂದೇ ಕಡೆ. ಗುಂಡಿ ಇಟ್ಟ ಬಿಸ್ಕೀಟಿನ ಡಬ್ಬಿ ಎಂದು ನಾನು ಬರೆದಲ್ಲಿ, ಅಂಚಿನಲ್ಲಿ ನೀಲಿ ಶಾಯಿಯಲ್ಲಿ ಬರೆದಿದ್ದ: "ಉಸ್ಮಾನಿಯಾ ಬಿಸ್ಕೀಟು. ಅಪ್ಪ ಹೈದರಾಬಾದಿನಿಂದ ನನಗಂತ ತಂದಿದ್ದ. ಅವ್ವ ಅರ್ಧ ಜೈಲಿಗೆ ಒಯ್ದಳು." ಹೊಸ ಪ್ರತಿಯಲ್ಲಿ ಆ ಮೂರು ಸಾಲನ್ನು ಅವನ ಮಾತಿನಲ್ಲೇ ಸೇರಿಸಿದ್ದೇನೆ.